ಸಮಬಾಹು ತ್ರಿಭುಜದಲ್ಲಿ ಅತ್ತೆ

"ಈ ಮನೆಗೆ ಒಂದು ನಿಜವಾದ ದನಿ ತರುತ್ತೇನೆ!" ಎಂದು ನಾನು ಘೋಷಿಸಿದ ಮಧ್ಯಾಹ್ನ ನನ್ನ ಹೆಂಡತಿ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಯುಗಪುರುಷರು ಇಂಥ ಮಾತಾಡುವಾಗ ಅವರ ಹೆಂಡತಿಯರು ಕನಿಷ್ಠ ತಲೆ ಎತ್ತಿಯಾದರೂ ನೋಡುತ್ತಾರೆ. ಇವಳು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ, "ಇರೋ ದನೀನೇ ಬೆಳಗ್ಗೆಯಿಂದ ನಿಂತಿಲ್ಲ" ಎಂದಳು.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಇಪ್ಪತ್ತಮೂರು ವರ್ಷಗಳಿಂದ ಅದೇ ಅರೆಗತ್ತಲೆಯ ಕೋಣೆ, ಅದೇ ಎತ್ತರದ ಕುರ್ಚಿ, ಗೋಡೆಯ ಮೇಲೆ ಅದೇ ಅಕ್ಷರಗಳ ಹಲಗೆ. ಗಿರಾಕಿಯ ಮೂಗಿನ ಮೇಲೆ ಲೋಹದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವುದೇ ನನ್ನ ಕಸುಬು. ಈ ಪ್ರಶ್ನೆ ನನ್ನ ಬಾಯಲ್ಲಿ ಎಷ್ಟು ಕೂತುಬಿಟ್ಟಿದೆಯೆಂದರೆ, ಹೆಂಡತಿ ಮೈಮರೆತು ಎರಡು ಸೌಟು ಎತ್ತಿ ಹಿಡಿದರೂ ಕೇಳಿಬಿಡುತ್ತೇನೆ. ಕಣ್ಣಿನ ವಿಷಯದಲ್ಲಿ ಇಷ್ಟು ಪಳಗಿದವನಿಗೆ ಕಿವಿ ಯಾವ ಲೆಕ್ಕ? ಕನ್ನಡಕದ ಕಡ್ಡಿ ಕೂರುವುದೇ ಕಿವಿಯ ಮೇಲೆ! ಅರ್ಧ ವಿದ್ಯೆ ಆಗಲೇ ಬಂದಂತೆ ಎಂದು ನನ್ನ ಲೆಕ್ಕಾಚಾರ.

ಇಲ್ಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಕನ್ನಡಕ ಹಾಕುವುದಿಲ್ಲ. ಬೇಡವೆಂದಲ್ಲ, ಬೇಕು, ಹುಡುಗನಾಗಿದ್ದಾಗಿನಿಂದಲೂ ಬೇಕು. ಕಣ್ಣು ನೋಡುವವನೇ ಕನ್ನಡಕ ಹಾಕಿಕೊಂಡು ಕೂತರೆ ಗಿರಾಕಿಗೆ ಏನನ್ನಿಸಬೇಡ ಎನ್ನುವುದು ನಾನು ಹೊರಗೆ ಹೇಳುವ ಕಾರಣ. ನನ್ನ ಮುಖದ ಮೇಲೆ ನನಗಿರುವ ಅಭಿಮಾನ, ಒಳಗಿನ ಕಾರಣ. ಅಂಗಡಿಯಿಂದ ವರ್ಷಕ್ಕೊಂದು ಜೊತೆ ಕನ್ನಡಕ ನನಗೆ ಪುಕ್ಕಟೆ ಸಿಗುತ್ತದೆ. ಪ್ರತಿ ವರ್ಷ ಅದನ್ನು ಯಾರಿಗೋ ಕೊಟ್ಟುಬಿಡುತ್ತಿದ್ದೆ. ಈ ವರ್ಷದ್ದು ನನಗೇ ಎಂದು ಹೆಂಡತಿ ಮಾತು ತೆಗೆದುಕೊಂಡಿದ್ದಳು. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಗಳ ನಡುವೆ ನಾನು ಮಾಡಿದ ಅನಾಹುತಗಳು ಅವಳಿಗೆ ಸಾಕಾಗಿದ್ದವು.

ದನಿ ಬೇಕಾಗಿದ್ದು ನಮ್ಮ ಅತ್ತೆಗೆ. ನಮ್ಮ ಮಾವನವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವರು. ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವ ಕೆಲಸ. ಅವರ ಮನೆ ಸ್ಟೇಷನ್ನಿನ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ಮೂವತ್ತು ವರ್ಷ ಅತ್ತೆ ಅಡುಗೆಮನೆಯಲ್ಲಿ ನಿಂತು, ಗೋಡೆಯಾಚೆಯಿಂದ ಬರುವ ಗಂಡನ ದನಿ ಕೇಳಿಕೊಂಡೇ ಕೆಲಸ ಮಾಡಿದವರು. ಆ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಐದೂ ಹತ್ತರ ಗಾಡಿ ಬಂತೆಂದು ಅವರು ಹೇಳಿದರೆ ಇವರು ಟೀಗೆ ನೀರಿಡುತ್ತಿದ್ದರು, ಏಕೆಂದರೆ ಅದೇ ಆ ದಿನದ ಅವರ ಕೊನೆಯ ಗಾಡಿ.

ಮಾವನವರು ಹೋಗಿ ಆರು ವರ್ಷವಾಯಿತು. ಉಳಿದದ್ದು ಒಂದೇ ಒಂದು ಕ್ಯಾಸೆಟ್ಟು. ಮನೆಯಲ್ಲಿ ಕೂತು ಅನೌನ್ಸ್‌ಮೆಂಟ್ ಅಭ್ಯಾಸ ಮಾಡುವಾಗ ಅವರೇ ರೆಕಾರ್ಡ್ ಮಾಡಿಕೊಂಡದ್ದು. ಅದನ್ನು ನನ್ನ ಹೆಂಡತಿ ಫೋಟೋ ಸ್ಟುಡಿಯೋದವನ ಹತ್ತಿರ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ್ದಳು. ಅವನು, ನಾಲ್ಕು ನಿಮಿಷ ಮಾತಿದೆ, ಆಮೇಲೆ ಬರೀ ಸರ್ರೆನ್ನುವ ಸದ್ದು, ಕತ್ತರಿಸಿಬಿಡಲೇ ಎಂದು ಕೇಳಿದ್ದ. ಇವಳು ಬೇಡ, ಇರಲಿ ಎಂದಿದ್ದಳು. ಹೊಲಿಯುವವಳು, ಬಟ್ಟೆಯ ಚೂರನ್ನೂ ಎಸೆಯುವವಳಲ್ಲ.

ಆದರೆ ನಮ್ಮ ಕಂಪ್ಯೂಟರಿನಲ್ಲಿ ಮಾವನವರು ಬೆಂಕಿಪೊಟ್ಟಣದೊಳಗೆ ಸಿಕ್ಕಿಕೊಂಡ ನೊಣದ ಹಾಗೆ ಕೇಳಿಸುತ್ತಿದ್ದರು. ಅತ್ತೆಗೆ ಕಿವಿ ಬೇರೆ ಸ್ವಲ್ಪ ಮಂದ. ಈಗ ಅವರು ತಮ್ಮ ತಂಗಿಯ ಜೊತೆ ಇರುತ್ತಾರೆ. ನಮ್ಮಲ್ಲಿ ಒಂದು ತಿಂಗಳು ಇದ್ದು ಹೋಗಲು ಬರುವವರಿದ್ದರು. ಅದಕ್ಕೆ ಮುಂಚೆ ಮಗಳಿಗೆ ಫೋನಿನಲ್ಲಿ ಒಂದು ಮಾತು ಹೇಳಿದರು: "ಅವರ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ. ದನಿ ಮಾತ್ರ ಮರೆತುಹೋಗ್ತಾ ಇದೆ. ಎಷ್ಟು ನೆನೆಸಿಕೊಂಡ್ರೂ ಬರಲ್ಲ."

ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಕತ್ತರಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಏನನ್ನೂ ಕತ್ತರಿಸದೆ ಕೂತಿದ್ದಳು. ನನಗೆ ನೋಡಲಾಗಲಿಲ್ಲ. ಅವಳು ಕತ್ತರಿ ಇಟ್ಟು ಸೂಜಿ ಎತ್ತಿಕೊಂಡ ಹೊತ್ತಿಗೆ ಹೊರಟಿತು ಮೇಲಿನ ಘೋಷಣೆ.

ಇನ್ನೊಂದು ಕಾರಣವೂ ಇತ್ತು. ಮಾವನವರು ನನ್ನನ್ನು ಮೊದಲ ನೋಟದಲ್ಲೇ ಮೆಚ್ಚಿಕೊಂಡವರು. ಇವಳನ್ನು ಮದುವೆಯಾಗುತ್ತೇನೆಂದು ಕೇಳಲು ಇಪ್ಪತ್ತೆರಡು ವರ್ಷಗಳ ಹಿಂದೆ ಅವರ ಮನೆಗೆ ಹೋದಾಗ, ಅವರು ಬಾಗಿಲ ಪಕ್ಕದಲ್ಲೇ ಯೂನಿಫಾರ್ಮಿನಲ್ಲಿ ನೆಟ್ಟಗೆ ನಿಂತಿದ್ದರು. ನಾನು ಸೊಂಟ ಬಗ್ಗಿಸಿ ನಮಸ್ಕರಿಸಿ, "ತಮ್ಮ ಆರೋಗ್ಯ ಹೇಗಿದೆ?" ಎಂದು ವಿಚಾರಿಸಿದೆ. ಅವರು ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಗಾಂಭೀರ್ಯ! ಎರಡೇ ನಿಮಿಷಕ್ಕೆ ಒಳಗಿನಿಂದ ಬಿಳಿ ಅಂಗಿ ತೊಟ್ಟು ಬಂದು ಕೈಕುಲುಕಿದರು. ಅಷ್ಟು ಬೇಗ ಬಟ್ಟೆ ಬದಲಿಸುವ ಚುರುಕುತನ ರೈಲ್ವೆಯವರಿಗೆ ಮಾತ್ರ ಸಾಧ್ಯ. ಈ ಪ್ರಸಂಗವನ್ನು ನಾನು ನೆಂಟರ ಮುಂದೆ ನೂರು ಸಲ ಹೇಳಿರಬಹುದು. ಹೇಳಿದಾಗಲೆಲ್ಲ ಹೆಂಡತಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ. ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ಪಾಪ, ಭಾವುಕರಾಗುತ್ತಾರೆ.

ಖರ್ಚಿನ ಮಾತು ಬಂತು. ನಮ್ಮ ಮನೆಯಲ್ಲಿ ಎಲ್ಲದರ ಬೆಲೆಯನ್ನೂ ಕನ್ನಡಕದ ಫ್ರೇಮಿನಲ್ಲೇ ಅಳೆಯುವುದು. ಎರಡು ಒಳ್ಳೆಯ ಫ್ರೇಮಿನ ದುಡ್ಡು, ಅದರೊಳಗೆ ಸ್ಪೀಕರೂ ಬರಬೇಕು, ಆಂಪ್ಲಿಫೈಯರೂ ಬರಬೇಕು ಎಂದು ಹೆಂಡತಿ ಗೆರೆ ಎಳೆದಳು. ಜೊತೆಗೆ ಒಂದು ಸಲಹೆ ಬೇರೆ. ಕಂಪ್ಯೂಟರಿನ ಅಕ್ಕಪಕ್ಕ ಇಡುವ ಪುಟ್ಟ ಜೋಡಿ ಸಿಗುತ್ತದಂತೆ, ಅದರ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇರುತ್ತದಂತೆ, ಪ್ಲಗ್ ಚುಚ್ಚಿದರೆ ಆಯಿತಂತೆ.

"ಪುಟ್ಟ ಜೋಡಿ!" ನನಗೆ ರೋಷ ಉಕ್ಕಿತು. "ಸಾವಿರಾರು ಜನರನ್ನು ಬರೀ ದನಿಯಿಂದ ಒಂದನೇ ಪ್ಲಾಟ್‌ಫಾರಮ್ಮಿಂದ ಎರಡನೇದಕ್ಕೆ ಓಡಿಸಿದ ಮನುಷ್ಯ ಕಣೇ ಅವರು. ಅವರನ್ನ ತಂದು ಸೋಪಿನ ಡಬ್ಬೀಲಿ ತುಂಬ್ತೀಯಾ?"

"ನಮ್ಮಪ್ಪನೇ ರೀ ಅವರು" ಎಂದಳು. "ಸಣ್ಣ ಮನೇಲೇ ಇದ್ದೋರು."

ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಆ ಎರಡು ಗಂಟೆ ನಾನು ಎತ್ತರದ ಕುರ್ಚಿಯಲ್ಲಿ ಒರಗಿ, ಎಲ್ಲಿಂದಲೋ ಸಂಪಾದಿಸಿದ ಸ್ಪೀಕರ್ ಪುಸ್ತಿಕೆಗಳನ್ನು ಓದುತ್ತಿದ್ದೆ. ಪರದೆಯ ಸಂದಿನಿಂದ ಒಂದು ಬಿಸಿಲ ಪಟ್ಟಿ ಒಳಗೆ ಬಂದು ಧೂಳನ್ನು ಮೆಲ್ಲಗೆ ತೇಲಿಸುತ್ತಿತ್ತು. ಗೋಡೆಯ ಅಕ್ಷರಗಳು ಮಂಜಾಗುತ್ತಿದ್ದವು. (ಅವು ನನಗೆ ಯಾವಾಗಲೂ ಮಂಜೇ, ಅದು ಬೇರೆ ಮಾತು.) ಹಾಗೇ ಕಣ್ಣು ಮುಚ್ಚಿದರೆ ನಮ್ಮ ಪುಟ್ಟ ಹಜಾರದಲ್ಲಿ ಮಾವನವರ ದನಿ ನಿಧಾನವಾಗಿ ಏರುತ್ತಿತ್ತು. ಕಿಟಕಿಯ ಪರದೆ ತಾನಾಗಿ ಅಲುಗುತ್ತಿತ್ತು. ದೂರದಲ್ಲಿ ಯಾವುದೋ ಗಾಡಿ, ಹೊಗೆಯೂ ಇಲ್ಲದೆ, ಸದ್ದೂ ಇಲ್ಲದೆ, ನಮ್ಮ ಮಂಚದ ಪಕ್ಕದಲ್ಲೇ ಬಂದು ನಿಲ್ಲುತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡು, "ಅಳಿಯಂದಿರೇ, ಇನ್ಯಾರೂ ಇಷ್ಟು ಮಾಡ್ತಿರಲಿಲ್ಲ" ಎನ್ನುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಒಂದು ದಿನ ಇದೇ ಗುಂಗಿನಲ್ಲಿದ್ದಾಗ ಬಂದ ಗಿರಾಕಿಯೊಬ್ಬರಿಗೆ ಗಾಜು ಹಾಕಿ, "ಇದು ಚೆನ್ನಾಗಿ ಕೇಳಿಸುತ್ತಾ, ಇದಾ?" ಎಂದೆ. ಅವರು ಸಜ್ಜನರು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಎರಡನೇದು" ಎಂದರು.

ಪೇಟೆಯ ಹಿಂದಿನ ಓಣಿಯಲ್ಲಿ, ಐದು ಮೆಟ್ಟಿಲು ಕೆಳಗಿಳಿದರೆ, ಹಳೆಯ ರೇಡಿಯೋ, ಸ್ಪೀಕರ್ ಮಾರುವ ಅಂಗಡಿ. ಅದರ ಯಜಮಾನನನ್ನು ಎಲ್ಲರೂ ತಂತಿಯಣ್ಣ ಎನ್ನುತ್ತಾರೆ, ಕೊರಳಿಗೆ ಸದಾ ಎರಡು ಸುತ್ತು ತಂತಿ ಹಾಕಿಕೊಂಡಿರುವುದರಿಂದ. ನಾನು ಒಂದು ಭಾನುವಾರ ಅವನ ಮುಂದೆ ನಿಂತು, ಮೂರು ವಾರದ ಓದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಂದೆ ಒಂದು ಸಣ್ಣ ಜೋಡಿ, ಒಂದು ದೊಡ್ಡ ಜೋಡಿ ಇಟ್ಟ. ಮೊದಲು ಸಣ್ಣದರಲ್ಲಿ ಒಂದು ಪಿಟೀಲು ನುಡಿಸಿದ. ಆಮೇಲೆ ದೊಡ್ಡದರಲ್ಲಿ ಅದೇ ಪಿಟೀಲು. ಆಮೇಲೆ ಕೇಳಿದ:

"ಇದು ಚೆನ್ನಾಗಿದೆಯಾ, ಇದಾ?"

ನನ್ನ ಪ್ರಶ್ನೆ! ನನ್ನ ಅನ್ನದ ಪ್ರಶ್ನೆ! ಇಪ್ಪತ್ತಮೂರು ವರ್ಷದ ಅನುಭವದಿಂದ ನನಗೆ ಗೊತ್ತು, ಈ ಪ್ರಶ್ನೆ ಕೇಳಿದರೆ ಪ್ರಪಂಚದ ಯಾವ ಗಿರಾಕಿಯಾದರೂ "ಎರಡನೇದು" ಎಂದೇ ಹೇಳುತ್ತಾನೆ. ಅದಕ್ಕೇ ದುಬಾರಿ ಗಾಜನ್ನು ಎರಡನೆಯ ಸಲಕ್ಕೆ, ಅದೂ ಚೆನ್ನಾಗಿ ಒರೆಸಿ ಹಾಕಬೇಕು ಎನ್ನುವುದು ನಮ್ಮ ಕಸುಬಿನ ಒಳಗುಟ್ಟು. ಅಷ್ಟೆಲ್ಲ ಗೊತ್ತಿದ್ದೂ ನಾನು ಕಣ್ಣು ಮುಚ್ಚಿದೆ. ಪಿಟೀಲು ನನ್ನನ್ನು ಮೆಟ್ಟಿಲು ಹತ್ತಿಸಿ, ಓಣಿ ದಾಟಿಸಿ, ಯಾವುದೋ ಹುಲ್ಲುಗಾವಲಿನ ಕಡೆ ಕರೆದುಕೊಂಡು ಹೋಯಿತು. ಮೋಡಗಳು ತಲೆ ಸವರಿಕೊಂಡು ಹೋಗುತ್ತಿದ್ದವು. ದೂರದಿಂದ ಯಾರೋ "ಎರಡನೇದು" ಎಂದಂತಾಯಿತು. ಅದು ನಾನೇ. ಕಣ್ಣು ಬಿಟ್ಟಾಗ ಎರಡೂ ಫ್ರೇಮಿನ ದುಡ್ಡು ತಂತಿಯಣ್ಣನ ಜೇಬಿನಲ್ಲಿತ್ತು. ಎರಡನೆಯ ಸಲ ಅವನು ವಾಲ್ಯೂಮನ್ನು ಒಂದು ಕೂದಲೆಳೆ ಏರಿಸಿದ್ದನೆಂದು ಎಷ್ಟೋ ದಿನಗಳಾದ ಮೇಲೆ ಅವನೇ ಹೇಳಿದ.

ಪೆಟ್ಟಿಗೆಗಳು ಮನೆಗೆ ಬಂದವು. ಒಂದೊಂದೂ ಎರಡು ವರ್ಷದ ಮಗುವಿನಷ್ಟು ಎತ್ತರ, ನಾಲ್ಕು ಮಕ್ಕಳಷ್ಟು ಭಾರ. ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಮುಂದಿನ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ, ನೇಯ್ಗೆ ಚೆನ್ನಾಗಿದೆ ಎಂದಳು. ಆಮೇಲೆ, ಇದರಲ್ಲಿ ಆಂಪ್ಲಿಫೈಯರ್ ಯಾವುದು ಎಂದು ಕೇಳಿದಳು.

ನಾನು ಪೆಟ್ಟಿಗೆಗಳ ಹಿಂದೆ ಹೋಗಿ ಹುಡುಕಿದಂತೆ ಮಾಡಿದೆ. ಈ ಜಾತಿಯ ಸ್ಪೀಕರುಗಳಿಗೆ ಸ್ವಂತ ಕಸುವಿಲ್ಲ, ಆಂಪ್ಲಿಫೈಯರ್ ಬಲ ಕೊಟ್ಟರೆ ಮಾತ್ರ ಬಾಯಿ ಬಿಡುತ್ತವೆ ಎನ್ನುವುದನ್ನು ಮೂರು ವಾರ ಓದಿದ್ದೆ. ಮೋಡದಲ್ಲಿ ಮರೆತಿದ್ದೆ.

"ಅಂದ್ರೆ ಇವು ಮೂಗ ಪೆಟ್ಟಿಗೆಗಳು" ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮ ಬರೋಕೆ ಆರು ದಿನ ಇದೆ ರೀ."

ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನ ಮಧ್ಯಾಹ್ನವೇ ಓಡಿದೆ ತಂತಿಯಣ್ಣನ ಹತ್ತಿರ. ಸ್ಪೀಕರ್ ವಾಪಸ್ ತೆಗೆದುಕೊಳ್ಳಲಾರೆ ಎಂದ. ಆದರೆ ಅವನು ಹಾಗೆನ್ನುವಾಗ ಒಂದು ಬಿಲ್ಲನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ. ನನ್ನೊಳಗಿನ ಕಸುಬುದಾರ ಎಚ್ಚರಗೊಂಡ. ಒಪ್ಪಂದ ಕುದುರಲು ಹತ್ತು ನಿಮಿಷ ಹಿಡಿಯಿತು: ಅವನಿಗೆ ಒಂದು ಜೊತೆ ಹೊಸ ಕನ್ನಡಕ, ನನಗೆ ಮರದ ಬದಿಗಳ ಒಂದು ಹಳೆಯ ಆಂಪ್ಲಿಫೈಯರ್.

ಯಾವ ಕನ್ನಡಕ ಎಂದು ನೀವು ಊಹಿಸಿರುತ್ತೀರಿ. ಹೌದು, ಅದೇ. ಈ ವರ್ಷದ್ದು. ಮನೆಯಲ್ಲಿ ಮಾತ್ರ, ನನ್ನ ಕನ್ನಡಕಕ್ಕೆ ಆರ್ಡರ್ ಕೊಟ್ಟಾಗಿದೆ, ಬರುತ್ತದೆ ಎಂದು ಹೇಳಿದೆ. ಆಂಪ್ಲಿಫೈಯರನ್ನು ತಂತಿಯಣ್ಣ ಸುಮ್ಮನೆ ಕೊಟ್ಟ, ಒಳ್ಳೆಯವನು ಎಂದೂ ಸೇರಿಸಿದೆ.

ಕನ್ನಡಕ ತಯಾರಾದ ದಿನ ನಾನೇ ಹೋಗಿ ಅವನ ಮೂಗಿನ ಮೇಲೆ ಕೂರಿಸಿದೆ. ಅವನು ಸುತ್ತ ನೋಡಿ, ತನ್ನ ಅಂಗಡಿಯಲ್ಲಿ ಇಷ್ಟು ಧೂಳಿದೆಯೇ ಎಂದು ದಂಗಾದ. ಆಮೇಲೆ ನನ್ನನ್ನು ನೋಡಿ, "ನಿಮಗೆ ಇಷ್ಟು ವಯಸ್ಸಾಗಿದೆಯಾ? ಮಾತು ಕೇಳಿ ಹುಡುಗ ಅಂದ್ಕೊಂಡಿದ್ದೆ" ಎಂದ. ಆಂಪ್ಲಿಫೈಯರನ್ನು ಹೆಗಲಿಗೇರಿಸಿ ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಒಂದು ಸ್ಪೀಕರಿನ ತಂತಿ ಅದಲುಬದಲಾದರೂ ಒಂದರ ದನಿಯನ್ನು ಇನ್ನೊಂದು ತಿಂದುಹಾಕುತ್ತದೆ ಎಂದು. ನಾನು ನಕ್ಕೆ. ಬಣ್ಣ ಗುರುತಿಸುವುದನ್ನು ನನಗೆ ಹೇಳಿಕೊಡುತ್ತಾನೆ, ಕಣ್ಣು ಪರೀಕ್ಷೆ ಮಾಡುವವನಿಗೆ!

ಇನ್ನು ಸ್ಥಾಪನೆ. ಪುಸ್ತಿಕೆಯ ಪ್ರಕಾರ ಎರಡು ಸ್ಪೀಕರು ಮತ್ತು ಕೇಳುವವರ ತಲೆ, ಈ ಮೂರೂ ಸೇರಿ ಸಮಬಾಹು ತ್ರಿಭುಜವಾಗಬೇಕು. ಸ್ಪೀಕರು ಕಿವಿಯ ಎತ್ತರಕ್ಕಿರಬೇಕು. ಗೋಡೆಯಿಂದ ದೂರವಿರಬೇಕು. ನಮ್ಮ ಹಜಾರದಲ್ಲಿ ಗೋಡೆಯಿಂದ ದೂರ ಹೋದರೆ ಎದುರಿನ ಗೋಡೆ ಸಿಗುತ್ತದೆ. ಆದರೂ ಬಿಡಲಿಲ್ಲ. ಹೆಂಡತಿಯ ಅಳತೆ ಟೇಪಿನಿಂದ ಅಳೆದು, ಅವಳ ಸೀಮೆಸುಣ್ಣದಿಂದಲೇ ನೆಲದ ಮೇಲೆ ತ್ರಿಭುಜ ಬರೆದೆ. ಊಟದ ಮೇಜು ಬಾಗಿಲಾಚೆಯ ಪಡಸಾಲೆಗೆ ಹೋಯಿತು. ಒಂದು ಸ್ಪೀಕರು ಪುಸ್ತಕದ ಬೀರುವಿನ ಪಕ್ಕ, ಮಡಚಿಟ್ಟ ಕಂಬಳಿಗಳ ಮೇಲೆ ಕೂತಿತು. ಇನ್ನೊಂದು, ಅಡುಗೆಮನೆಯ ಬಾಗಿಲ ಹತ್ತಿರ, ಹೊಲಿಗೆ ಮೆಷಿನ್ನಿನ ಮೇಲೆ. ಪ್ರತಿಧ್ವನಿ ಹೀರಲೆಂದು ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿದೆ. ನಾಲ್ಕು ದಿನ ನಾವು ನೆಲದ ಮೇಲೆ ಮಲಗಿ, ಪಡಸಾಲೆಯಲ್ಲಿ ದಾರಿಹೋಕರ ಎದುರು ಊಟ ಮಾಡಿದೆವು. ಒಂದು ಮನೆಗಾಗುವಷ್ಟು ಪರದೆಗಳನ್ನು ಶನಿವಾರದೊಳಗೆ ಹೊಲಿದುಕೊಡಬೇಕಿದ್ದ ನನ್ನ ಹೆಂಡತಿ, ಮೆಷಿನ್ ಇಲ್ಲದೆ ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಅಮ್ಮನಿಗಾಗಿ ಎಂದು ತಡೆದುಕೊಂಡಿದ್ದಳು, ನನಗೆ ಗೊತ್ತಿತ್ತು.

ತಂತಿ ಜೋಡಿಸಿದ್ದು ಶನಿವಾರ. ಬೀರುವಿನ ಹಿಂದೆ ತಲೆ ತೂರಿಸಿ ನೋಡಿದರೆ ಎರಡು ತಿರುಪುಗಳು, ಎರಡು ತಂತಿಗಳು. ಎಲ್ಲ ಒಂದೇ ಬಣ್ಣದ ಹಾಗಿದ್ದವು. ಆದರೂ ಕೆಂಪು ಎಂದು ನನಗೆ ಖಾತ್ರಿಯಾಗಿ ಅನ್ನಿಸಿದ್ದಕ್ಕೆ ಕೆಂಪೆಂದು ಅನ್ನಿಸಿದ್ದನ್ನು ಸಿಕ್ಕಿಸಿದೆ. ಪರೀಕ್ಷಿಸಿ ನೋಡೋಣ ಎಂದಳು ಹೆಂಡತಿ. ನಾನು ಒಪ್ಪಲಿಲ್ಲ. ಮೊದಲ ಮಾತು ಅತ್ತೆಯ ಕಿವಿಗೇ ಬೀಳಬೇಕು. ಮೂರು ವಾರ ಕಟ್ಟಿದ ಕನಸನ್ನು ಹಿಂದಿನ ದಿನವೇ ಎಂಜಲು ಮಾಡಲು ನನಗೆ ಮನಸ್ಸಿರಲಿಲ್ಲ.

ಶನಿವಾರ ಸಂಜೆ ಅತ್ತೆ ಬಂದರು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅವರನ್ನು ಕೈಹಿಡಿದು ಕರೆತಂದು ತ್ರಿಭುಜದ ತುದಿಯ ಕುರ್ಚಿಯಲ್ಲಿ ಕೂರಿಸಿದೆ. ಪರದೆಗಳನ್ನು ಎಳೆದೆ. ಜೇನು ಬಣ್ಣದ ಮಂದ ಬೆಳಕು ಹಜಾರದಲ್ಲಿ ನಿಂತಿತು. ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ಬಂದಿದ್ದರು. ಯಾರನ್ನೋ ಎದುರುಗೊಳ್ಳಲು ಸ್ಟೇಷನ್ನಿಗೆ ಹೊರಟವರ ಹಾಗೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಳು. ನಾನು ಗುಂಡಿ ಒತ್ತಿದೆ.

"ದಯವಿಟ್ಟು ಗಮನಿಸಿ..." ಮಾವನವರು ಶುರುಮಾಡಿದರು.

ಅತ್ತೆ ಸುಮ್ಮನೆ ಕೂತಿದ್ದರು. ಒಂದು ನಿಮಿಷ ಕಳೆಯಿತು. ಮುಖ ಅಲುಗಲಿಲ್ಲ. ಆಮೇಲೆ ಮೆಲ್ಲಗೆ, "ಹಾಕಿ ಅಳಿಯಂದಿರೇ, ನಾನು ತಯಾರಿದ್ದೀನಿ" ಎಂದರು.

ನಾನು ವಾಲ್ಯೂಮ್ ಏರಿಸಿದೆ. ಅತ್ತೆ ತಲೆ ಒಂದು ಕಡೆ ವಾಲಿಸಿ, ಯಾರೋ ಬಹಳ ದೂರದಲ್ಲಿ ಪಿಸುಗುಟ್ಟಿದ ಹಾಗಿದೆ ಎಂದರು. ಇನ್ನೂ ಏರಿಸಿದೆ. ಗೋಡೆಗೆ ನಿಲ್ಲಿಸಿದ್ದ ಹಾಸಿಗೆ ನಿಧಾನವಾಗಿ, ಮರ್ಯಾದೆಯಿಂದ, ನನ್ನ ಬೆನ್ನ ಮೇಲೆ ಒರಗಿತು. ಹಾಸಿಗೆಯನ್ನು ಬೆನ್ನಲ್ಲಿ ಹೊತ್ತುಕೊಂಡೇ ಇನ್ನೂ ಏರಿಸಿದೆ. ಮಹಡಿಯ ಮನೆಯವರು ಇಳಿದು ಬಂದು ಬಾಗಿಲಲ್ಲಿ ನಿಂತು, ಯಾವ ಗಾಡಿ, ಎಷ್ಟು ತಡವಂತೆ ಎಂದು ವಿಚಾರಿಸಿದರು. ಅತ್ತೆ ಮಾತ್ರ ತ್ರಿಭುಜದ ತುದಿಯಲ್ಲಿ, ಕೇಳಿಸುತ್ತಿಲ್ಲವೆಂದು ತಲೆಯಾಡಿಸುತ್ತಿದ್ದರು.

ನಾನು ಹಾಸಿಗೆ ಸರಿಸಿ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕಿವಿ ಪೂರ್ತಿ ಹೋಗಿದೆ ಕಣೇ ನಿಮ್ಮಮ್ಮಂದು."

ಅವಳು ನಾಲ್ಕು ದಿನದ ಸೂಜಿಯಿಂದ ತೂತುತೂತಾಗಿದ್ದ ಬೆರಳುಗಳನ್ನು ಮುಚ್ಚಿಕೊಂಡು, ನೆಲ ನೋಡುತ್ತ ನಿಂತಳು. ನನ್ನ ಕಿವಿಯಲ್ಲಿ ಅಷ್ಟು ದಿನದಿಂದ ಓಡುತ್ತಿದ್ದ ಗಾಡಿ ಅಲ್ಲೇ ನಿಂತಿತು. ತಡವಾಗಿ ತಂದೆವು, ಮೊದಲೇ ತರಬೇಕಿತ್ತು, ಆ ಪುಟ್ಟ ಜೋಡಿಯನ್ನೇ ಮೂರು ವಾರದ ಹಿಂದೆ ತಂದಿದ್ದರೆ ಕೇಳಿಸುತ್ತಿತ್ತೋ ಏನೋ ಎಂದು ಒಳಗೇ ಲೆಕ್ಕ ಹಾಕಿದೆ.

ಅತ್ತೆ ಎದ್ದರು. ನಮ್ಮ ಮುಖ ನೋಡಿ ಅವರಿಗೆ ಎಲ್ಲ ಅರ್ಥವಾಗಿರಬೇಕು. ಹೋಗಲಿ ಬಿಡಿ, ನೀರು ಕುಡಿದು ಬರುತ್ತೇನೆ ಎಂದು ನಮ್ಮನ್ನು ದಾಟಿ ಅಡುಗೆಮನೆಗೆ ಹೋದರು. ಮಾವನವರು ಯಾರಿಗೂ ಬೇಡವಾಗಿ ಹೇಳುತ್ತಲೇ ಇದ್ದರು: ಐದು ಗಂಟೆ ಹತ್ತು ನಿಮಿಷಕ್ಕೆ ಬರಬೇಕಾದ ಗಾಡಿ ಎರಡನೆಯ ಪ್ಲಾಟ್‌ಫಾರಮ್ಮಿಗೆ ಬರುತ್ತಿದೆ.

ಒಳಗೆ ಪಾತ್ರೆಯ ಸದ್ದಾಯಿತು. ಬಗ್ಗಿ ನೋಡಿದರೆ, ಅತ್ತೆ ಸ್ಟವ್ ಹಚ್ಚಿ ಟೀಗೆ ನೀರಿಟ್ಟಿದ್ದರು. ಪಕ್ಕದಲ್ಲಿ ಎರಡು ಲೋಟ. ಕೈಯಲ್ಲಿ ಸಕ್ಕರೆಯ ಚಮಚ ಹಿಡಿದು ಹಾಗೇ ನಿಂತಿದ್ದರು.

"ಅಮ್ಮ" ಎಂದಳು ನನ್ನ ಹೆಂಡತಿ.

"ಕೇಳಿಸ್ತು ಕಣೇ" ಎಂದರು. "ಇಲ್ಲಿ ಕೇಳಿಸ್ತು. ನನಗೆ ಅವರು ಯಾವಾಗ್ಲೂ ಕೇಳಿಸಿದ್ದು ಅಡುಗೆಮನೇಲೇ ತಾನೆ?"

ಅಮ್ಮ ಮಗಳು ಇಬ್ಬರೂ ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆಮೇಲೆ ಹೆಂಡತಿಗೆ ಒಂದು ಯೋಚನೆ ಬಂತು. ಅಡುಗೆಮನೆಯಲ್ಲಿ ಕೇಳಿಸುವ ಕಿವಿಗೆ ಸ್ಪೀಕರಿನ ಎದುರು ಕೇಳಿಸುವುದಿಲ್ಲವೆಂದರೆ ಏನರ್ಥ? ಸೀದಾ ಬೀರುವಿನ ಹಿಂದಕ್ಕೆ ಹೋಗಿ ಬಗ್ಗಿದಳು. ಬಗ್ಗಿದವಳು ಎರಡು ಕ್ಷಣವೂ ನಿಲ್ಲಲಿಲ್ಲ.

"ರೀ, ಕೆಂಪು ತಂತೀನ ಕಪ್ಪಿಗೆ ಹಾಕಿದ್ದೀರಿ."

ತ್ರಿಭುಜದ ತುದಿಯಲ್ಲಿ ಕೂತರೆ ಒಂದು ಪೆಟ್ಟಿಗೆ ಹೇಳಿದ್ದನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. ಎಷ್ಟು ಕರಾರುವಾಕ್ಕಾಗಿ ಅಳೆದಿದ್ದೆನೋ ಅಷ್ಟು ಕರಾರುವಾಕ್ಕಾಗಿ! ಇಡೀ ಮನೆಯಲ್ಲಿ ಮಾವನವರ ದನಿ ಕೇಳಿಸದ ಒಂದು ಹಿಡಿ ಜಾಗವನ್ನು ಟೇಪು ಹಿಡಿದು ಹುಡುಕಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅತ್ತೆಯನ್ನು ಅಲ್ಲೇ ಕೂರಿಸಿದ್ದೆ.

ಹೆಂಡತಿ ತಂತಿ ಬದಲಿಸಿದಳು. ಅತ್ತೆ ಟೀ ಲೋಟ ಹಿಡಿದು ಮತ್ತೆ ಕುರ್ಚಿಗೆ ಬಂದರು. ಈ ಸಲ ದನಿ ಬಂತು ನೋಡಿ! ತುಂಬಿಕೊಂಡು ಬಂತು. ಮಾವನವರು ಎರಡು ಸ್ಪೀಕರುಗಳ ನಡುವೆ, ಬೀರುವಿಗೂ ಅಡುಗೆಮನೆಯ ಬಾಗಿಲಿಗೂ ಮಧ್ಯೆ, ಬಂದು ನಿಂತೇಬಿಟ್ಟರು. ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ, ಅಭಿನಂದನೆಗೆ ತಲೆ ತಗ್ಗಿಸಲು ಸಿದ್ಧನಾಗಿ.

ಅತ್ತೆ ತಲೆಯಾಡಿಸಿದರು. ಆದರೆ ಏನೋ ಬಾಕಿ ಉಳಿದ ಹಾಗಿತ್ತು. "ಹೌದು, ಇದೇ ದನಿ" ಎಂದರು. "ಆದ್ರೆ ಇದು ಸ್ಟೇಷನ್ ದನಿ ಅಳಿಯಂದಿರೇ. ಊರಿಗೆಲ್ಲ ಸೇರಿದ್ದು. ಮನೇಲಿ ಅವರ ದನಿ ಬೇರೆ ಇತ್ತು. ನಾನು ಮರೆತಿದ್ದು ಅದು."

ನಾಲ್ಕು ನಿಮಿಷ ಮುಗಿಯಿತು. ಸರ್ರೆನ್ನುವ ಸದ್ದು ಶುರುವಾಯಿತು. ನಾನು ನಿಲ್ಲಿಸಲೆಂದು ಕೈ ಚಾಚಿದೆ. ಹೆಂಡತಿ ನನ್ನ ಕೈ ಹಿಡಿದಳು.

ಸರ್ರೆನ್ನುವುದರ ಆಚೆ, ದೂರದಲ್ಲಿ, ಯಾರೋ ಕುರ್ಚಿ ಎಳೆದರು. ಟೇಪ್ ರೆಕಾರ್ಡರ್ ನಿಲ್ಲಿಸುವುದನ್ನು ಮಾವನವರು ಮರೆತಿದ್ದರು! ಬೆಂಕಿಪೊಟ್ಟಣದ ನೊಣಕ್ಕೆ ಎಂದೂ ದಕ್ಕದ ಆ ಸಣ್ಣ ಸದ್ದುಗಳು ಒಂದೊಂದಾಗಿ ಆ ಜೇನು ಬೆಳಕಿಗೆ ಇಳಿದು ಬಂದವು. ಒಂದು ಲೋಟ ಮೇಜಿನ ಮೇಲೆ ಕೂತಿತು. ದೂರದಲ್ಲೊಂದು ಎಂಜಿನ್ ಶಿಳ್ಳೆ ಹಾಕಿತು. ಇಪ್ಪತ್ತೆರಡು ವರ್ಷದ ಹಿಂದಿನ ಯಾವುದೋ ಸಂಜೆ ನಮ್ಮ ಹಜಾರದಲ್ಲಿ ಮೆಲ್ಲಗೆ ಕಾಲು ಚಾಚಿ ಕೂತಿತು. ಆಮೇಲೆ ಗತ್ತಿಲ್ಲದ, ಸಡಿಲವಾದ, ಟೀ ಕುಡಿಯುವ ಗಂಡಸಿನ ದನಿ:

"ಹೋದ್ನಾ ಹುಡುಗ?"

"ಹೋದ" ಎಂದಿತು ಹೆಂಗಸಿನ ದನಿ. ನಮ್ಮ ಅತ್ತೆ, ಇಪ್ಪತ್ತೆರಡು ವರ್ಷ ಚಿಕ್ಕವರು. "ತಳ್ಳೋ ಗೇಟನ್ನ ಎಳೀತಾ ನಿಂತಿದ್ದ. ನಾನೇ ಹೋಗಿ ತೆಗೆದುಕೊಟ್ಟೆ."

"ಬಂದ ತಕ್ಷಣ ಏನ್ ಮಾಡ್ದ ನೋಡಿದ್ಯಾ? ಬಾಗಿಲ ಪಕ್ಕ ನನ್ನ ಕೋಟು, ಟೋಪಿ ನೇತುಹಾಕಿದ್ನಲ್ಲ, ಅದಕ್ಕೆ ಬಗ್ಗಿ ನಮಸ್ಕಾರ ಮಾಡ್ದ. ಮಾಡಿ, ಆರೋಗ್ಯ ಹೇಗಿದೆ ಅಂತ ಕೇಳ್ದ. ಕೋಟಿನ ಆರೋಗ್ಯ! ಊರೋರ ಕಣ್ಣೆಲ್ಲ ಇವನು ನೋಡ್ತಾನಂತೆ. ಇವನ ಕಣ್ಣು ಯಾರು ನೋಡ್ತಾರೆ?"

ಆಮೇಲೆ ನಗು. ಮಾವನವರ ನಗು. ಮೊದಲು ಮೂಗಿನಲ್ಲಿ ತಡೆದು, ತಡೆಯಲಾಗದೆ ಹೊಟ್ಟೆಯಿಂದ ಬಂದ, ಕೊನೆಗೆ ಕೆಮ್ಮಿನಲ್ಲಿ ಮುಗಿದ ನಗು.

"ನಗಬೇಡಿ" ಎಂದಿತು ಹೆಂಗಸಿನ ದನಿ, ತಾನೂ ನಗುತ್ತ. "ಕೋಟಿಗೇ ಅಷ್ಟು ಮರ್ಯಾದೆ ಕೊಡೋನು ನಮ್ಮ ಹುಡುಗೀಗೆ ಕೊಡಲ್ವಾ? ಒಪ್ಕೊಂಡುಬಿಡಿ."

ಟಕ್ ಎಂದು ಗುಂಡಿ ಒತ್ತಿದ ಸದ್ದು. ಮುಗಿಯಿತು.

ನಾನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದೆ. ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಇಪ್ಪತ್ತೆರಡು ವರ್ಷ! ನೂರು ಸಲ, ನೆಂಟರ ಮುಂದೆ, ಕೋಟಿನ ಗಾಂಭೀರ್ಯವನ್ನು ನಾನು ಹೊಗಳುವಾಗ, ಇವರಿಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಗೊತ್ತಿತ್ತಾ ನಿನಗೆ?" ಎಂದೆ.

"ಅಪ್ಪ ಹೇಳಿದ್ರು" ಎಂದಳು. "ನೀವು ಅಷ್ಟು ಖುಷಿಯಿಂದ ಹೇಳ್ಕೊಳ್ತಿದ್ರಿ, ಯಾಕೆ ಹಾಳು ಮಾಡೋದು ಅಂತ ಸುಮ್ಮನಿದ್ದೆ. ಅದಿರಲಿ, ಆರ್ಡರ್ ಕೊಟ್ಟಿರೋ ಕನ್ನಡಕ ಎಲ್ಲಿಗೆ ಬಂತು?"

ಬೇರೆ ದಾರಿಯಿರಲಿಲ್ಲ. ಅದು ತಂತಿಯಣ್ಣನ ಮೂಗಿನ ಮೇಲಿದೆ ಎಂದು ಹೇಳಿಬಿಟ್ಟೆ. ಅವಳು ಆಂಪ್ಲಿಫೈಯರನ್ನು ನೋಡಿದಳು, ಬೀರುವಿನ ಹಿಂದಿನ ತಂತಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಅವಳಪ್ಪನ ನಗುವೇ ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಅತ್ತೆ ಅದನ್ನೂ ಕಿವಿಗೊಟ್ಟು ಕೇಳುತ್ತಿದ್ದರು.

ನಕ್ಕು ಮುಗಿದ ಮೇಲೆ ಅತ್ತೆ ಕೆನ್ನೆ ಒರೆಸಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಇನ್ನೊಂದು ಸಲ ಹಾಕಿ ಅಳಿಯಂದಿರೇ" ಎಂದರು.

"ಗಾಡಿ ಬರೋದಾ?" ಎಂದೆ, ಆಸೆಯಿಂದ.

"ಅಲ್ಲ. ನೀವು ಬಂದಿದ್ದು."

ನಾನು ತಲೆ ತಗ್ಗಿಸಿ ಕಂಪ್ಯೂಟರಿನ ಕಡೆ ನಡೆದೆ. ಗುಂಡಿಗೆ ಬೆರಳಿಡುವಷ್ಟರಲ್ಲಿ ಅತ್ತೆ ತಡೆದರು. ತಮ್ಮ ಕನ್ನಡಕ ತೆಗೆದು, ಒರೆಸಿ, ನನ್ನ ಕೈಗೆ ಕೊಟ್ಟರು.

"ಇದನ್ನ ಹಾಕ್ಕೊಂಡು ಒತ್ತಿ. ಅಳಿಸಿಗಿಳಿಸಿಬಿಟ್ಟೀರಿ."